ನಡುಮನೆಯ ಬಾಗಿಲು

ನದಿಯ ದಂಡೆಯ ಮೇಲೆ ಒಂದು ಚಿಕ್ಕ ಆಶ್ರಮವಿತ್ತು. ಅಲ್ಲಿ ಅಡವಯ್ಯಜ್ಜ ಎಂಬ ಗುರುಗಳು, ಮೌನೇಶ ಎಂಬ ಶಿಷ್ಯ, ಅಡುಗೆಯ ಬಾಳವ್ವ, ಈ ಮೂವರೇ ಇದ್ದರು. ಒಂದು ಬೇವಿನ ಮರ. ಒಂದು ಕಂಪ್ಯೂಟರ್.

ಆಶ್ರಮಕ್ಕೆ ಬರುವ ಮೊದಲು ಅಜ್ಜ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಯಂತ್ರಗಳನ್ನು ನೋಡಿಕೊಂಡವರು. ಮೌನೇಶ ಹತ್ತು ವರ್ಷ ಮುದ್ರಣಾಲಯದಲ್ಲಿ ಟೈಪ್ ಮಾಡಿದವನು. ಅವನ ಬೆರಳು ಬಹಳ ವೇಗ. ಅದು ಅವನಿಗೆ ಗೊತ್ತಿತ್ತು.

ಅಜ್ಜನ ಕಂಪ್ಯೂಟರಿಗೆ ಮೌಸ್ ಇರಲಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಹೇಳಬೇಕಾದ್ದನ್ನು ಒಂದು ಸಾಲಿನಲ್ಲಿ ಬರೆದು ಎಂಟರ್ ಒತ್ತಬೇಕು. ಒತ್ತಿದರೆ ಆಯಿತು. ಅದು ಮತ್ತೆ ಕೇಳುವುದಿಲ್ಲ.

ಆ ಒಂದೇ ಕಂಪ್ಯೂಟರಿನೊಳಗೆ, ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆ ಮೂರು ಕಡೆ ನೆಲೆಸಿತ್ತು. ಬೇರೆ ಬೇರೆ ಕಾಲದಲ್ಲಿ ಹಾಕಿದ್ದು, ಬೇರೆ ಬೇರೆ ಜಾಗ. ಆಶ್ರಮದಲ್ಲಿ ಅವಕ್ಕೆ ಹಳೆಮನೆ, ನಡುಮನೆ, ಹೊಸಮನೆ ಎಂದು ಹೆಸರು. ಮೊದಲ ಧ್ವನಿಮುದ್ರಣಗಳೆಲ್ಲ ಹಳೆಮನೆಯಲ್ಲಿದ್ದವು. ನಡುಮನೆ ಜೋಪಾನದ ಜಾಗ. ದಿನದ ಕೆಲಸ, ಹೊಸ ಧ್ವನಿಮುದ್ರಣ ಎಲ್ಲ ಹೊಸಮನೆಯಲ್ಲಿ.

ಬಂದ ದಿನವೇ ಮೌನೇಶ ಕೇಳಿದ್ದ.

"ಮೂರು ಯಾಕ್ರಿ ಅಜ್ಜಾರ? ಒಂದು ಸಾಲದೇನ್ರಿ?"

"ನಿಂಗ ಎಷ್ಟು ಅಂಗಿ ಅದಾವ?"

"ಮೂರು ಅದಾವ್ರಿ."

"ಮೈಮ್ಯಾಲ ಎಷ್ಟು?"

"ಒಂದ್ರಿ."

"ಇದೂ ಹಂಗ."

ಒಂದು ಮನೆ ಎದ್ದಿರುವಾಗ ಉಳಿದೆರಡು ಮಲಗಿರುತ್ತವೆ. ಮಲಗಿದ ಮನೆಯೊಳಗಿನ ವಸ್ತು ಬೇಕಾದರೆ ಎದ್ದಿರುವ ಮನೆಯಲ್ಲಿ ಒಂದು ಖಾಲಿ ಫೋಲ್ಡರ್ ಮಾಡಬೇಕು. ಮಲಗಿದ ಮನೆಯನ್ನು ಆ ಫೋಲ್ಡರಿಗೆ ಜೋಡಿಸಬೇಕು. ಆಗ ಫೋಲ್ಡರು ಬಾಗಿಲಾಗುತ್ತದೆ. ಜೋಡಿಸುವ ಆಜ್ಞೆಗೆ ಮೌಂಟ್ ಎಂದು ಹೆಸರು. ಕೆಲಸ ಮುಗಿದ ಮೇಲೆ ಬಿಚ್ಚಬೇಕು.

ಹೊಸಮನೆಯಲ್ಲಿ ಅಂಥ ಎರಡು ಫೋಲ್ಡರುಗಳಿದ್ದವು. ಒಂದರ ಹೆಸರು ಹಳೆಮನೆ, ಇನ್ನೊಂದರ ಹೆಸರು ನಡುಮನೆ. ಜೋಡಿಸಿದರೂ ಜೋಡಿಸದಿದ್ದರೂ ಹೆಸರು ಅದೇ.

ಆಶ್ರಮದಲ್ಲಿ ಒಂದು ಪದ್ಧತಿಯೂ ಇತ್ತು. ಬರೆದ ಸಾಲನ್ನು ಎಂಟರ್ ಒತ್ತುವ ಮೊದಲು ಗಟ್ಟಿಯಾಗಿ ಓದಬೇಕು. ಓದುವುದು ಬಾಳವ್ವನಿಗೆ ಕೇಳಬೇಕು.

"ಬಾಳವ್ವಗ ಇದು ಏನೂ ತಿಳಿಯೂದಿಲ್ಲಲ್ರಿ," ಎಂದಿದ್ದ ಮೌನೇಶ.

"ಅದಕ್ಕನ ಆಕಿ ಮುಂದ ಓದು. ತಿಳಿದವರು ಗೋಣು ಹಾಕಿ ಬಿಡ್ತಾರ. ತಿಳಿಯದವರು ಕೇಳ್ತಾರ."

ಅಜ್ಜನಿಗೆ ಕಲ್ಲವ್ವ ಎಂಬ ಅಕ್ಕ ಇದ್ದರು. ಅವರು ತತ್ವಪದ ಹಾಡುತ್ತಿದ್ದರು. ಓದುಬರಹ ಬರುತ್ತಿರಲಿಲ್ಲ. ಅರವತ್ತು ವರ್ಷ ಪದಗಳನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿದ್ದರು. ಕೊನೆಯ ಎರಡು ವರ್ಷ ಅಜ್ಜ ಅವರನ್ನು ಮೈಕಿನ ಮುಂದೆ ಕೂರಿಸಿ ಹಾಡಿಸಿದರು. ಹಾಡಿ, ಅರ್ಥ ಹೇಳಿ, ಮತ್ತೆ ಹಾಡುವುದು. ಹಾಗೆ ಇನ್ನೂರ ಹದಿನಾಲ್ಕು ಪದಗಳಾದವು.

ಹೋದ ಶ್ರಾವಣದಲ್ಲಿ ಕಲ್ಲವ್ವ ತೀರಿಕೊಂಡರು. ಆ ಪದಗಳಲ್ಲಿ ಮುಕ್ಕಾಲು ಪಾಲು ಬೇರೆ ಯಾರ ಬಾಯಲ್ಲೂ ಇರಲಿಲ್ಲ. ಹಳೆಮನೆಯಲ್ಲಿ ಮಾತ್ರ ಇದ್ದವು.

ಹಳೆಮನೆಗೆ ಈಗ ವಯಸ್ಸಾಗಿತ್ತು. ಐದು ಸಲ ಎಬ್ಬಿಸಿದರೆ ಒಮ್ಮೆ ಏಳುತ್ತಿತ್ತು.

ಒಂದು ಬೆಳಿಗ್ಗೆ ಅಜ್ಜ ಹೇಳಿದರು.

"ಮೌನೇಶಾ, ಅಕ್ಕನ ಪದಗಳನ್ನ ನಡುಮನಿಗೆ ಒಯ್ದಿಡು. ಅಲ್ಲಿ ಮುಟ್ಟಿದ್ದು ಖಾತ್ರಿ ಆದ ಮ್ಯಾಲ ಹಳೇಮನಿ ಒರಸು."

"ಇವತ್ತ ಮಾಡಿ ಮುಗಸ್ತೇನ್ರಿ."

"ಇವತ್ತ ಅಂತ ನಾ ಅಂದಿಲ್ಲ."

ಆದರೆ ಮೌನೇಶ ಆಗಲೇ ಕೀಬೋರ್ಡಿನ ಮುಂದೆ ಕುಳಿತಿದ್ದ.

ಅವನು ಹೊಸಮನೆಯನ್ನು ಎಬ್ಬಿಸಿದ. ಹಳೆಮನೆಯನ್ನು ಜೋಡಿಸಿದ. ಪದಗಳನ್ನು ಎಣಿಸಿದ, ಇನ್ನೂರ ಹದಿನಾಲ್ಕು. ತೂಗಿದ, ಮೂವತ್ತೊಂದು ಜಿಬಿ. ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡ. ನಂತರ ನಕಲು ಮಾಡುವ ಸಾಲನ್ನು ಬರೆದು, ಅಡುಗೆಮನೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಓದಿದ.

"ಹಳೇಮನಿ ಒಳಗಿನ ಪದ ಎಲ್ಲಾ ನಡುಮನಿಗೆ ನಕಲು ಮಾಡು."

ಬಾಳವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಡುಮನಿ ಬಾಗಲಾ ತಗದೀಯೇನು?"

"ಯವ್ವಾ, ನೀ ಹಂಚಿನ ಮ್ಯಾಲಿನ ರೊಟ್ಟಿ ನೋಡು. ಹೊತ್ತೀತು."

"ನನ್ನ ರೊಟ್ಟಿ ಈ ಐವತ್ತು ವರ್ಷದಾಗ ಹೊತ್ತಿಲ್ಲ. ನೀ ಕೇಳಿದ್ದಕ್ಕ ಹೇಳು."

"ಎಲ್ಲಾ ತಗದೀನಿ ಬಿಡು."

ಎಂಟರ್ ಒತ್ತಿದ.

ನಕಲಾಗಲು ಅರ್ಧ ಗಂಟೆ ಹಿಡಿಯಿತು. ಮೌನೇಶ ನಡುಮನೆ ಎಂಬ ಫೋಲ್ಡರಿನೊಳಗೆ ನೋಡಿದ. ಪದಗಳಿದ್ದವು. ಎಣಿಸಿದ, ಇನ್ನೂರ ಹದಿನಾಲ್ಕು. ಮತ್ತೊಮ್ಮೆ ಎಣಿಸಿದ. ಅಷ್ಟೇ ಇತ್ತು.

ಹಳೆಮನೆಯನ್ನು ಬಿಚ್ಚಿದ. ಒರೆಸುವ ಸಾಲನ್ನು ಬರೆದ. ಬಾಳವ್ವ ನೀರಿಗೆ ಹೋಗಿದ್ದಳು. ಅದನ್ನು ಮನಸ್ಸಿನಲ್ಲೇ ಓದಿಕೊಂಡು ಎಂಟರ್ ಒತ್ತಿದ. ಕಂಪ್ಯೂಟರ್ ಆರಿಸಿ ಊಟಕ್ಕೆ ಬಂದ.

"ಮುಗೀತ್ರಿ ಅಜ್ಜಾರ."

"ಎಲ್ಲಾ ಮುಟ್ಟಿದುವೇನು?"

"ಎರಡು ಸಲ ಎಣಿಸೀನ್ರಿ."

"ಹೂಂ," ಎಂದು ಅಜ್ಜ ಊಟ ಮುಂದುವರಿಸಿದರು.

ಮರುದಿನ ಬೆಳಿಗ್ಗೆ ಮೌನೇಶ ನಡುಮನೆಯನ್ನೇ ಎಬ್ಬಿಸಿದ. ಒಂದು ಪದ ಹಚ್ಚಿ ಕೇಳಿಸಲು ಅಜ್ಜನನ್ನು ಕರೆಯಬೇಕು ಎಂದುಕೊಂಡಿದ್ದ.

ನಡುಮನೆಯಲ್ಲಿ ಒಂದೂ ಪದ ಇರಲಿಲ್ಲ.

ಪಟ್ಟಿ ಕೇಳಿದ. ಹಳೆಯ ಕಾಗದಪತ್ರಗಳ ಹೆಸರು ಬಂದವು. ಎಲ್ಲ ಫೋಲ್ಡರುಗಳಲ್ಲಿ ಹುಡುಕಿದ. ಇಲ್ಲ.

ಅದನ್ನು ಮಲಗಿಸಿ ಹೊಸಮನೆ ಎಬ್ಬಿಸಿದ. ನಡುಮನೆಯನ್ನು ಅದರ ಫೋಲ್ಡರಿಗೆ ಜೋಡಿಸಿ ಒಳಗೆ ನೋಡಿದ. ನಿನ್ನೆ ಇದೇ ಫೋಲ್ಡರಿನಲ್ಲಿ ಇನ್ನೂರ ಹದಿನಾಲ್ಕು ಎಣಿಸಿದ್ದ. ಈಗ ಅಲ್ಲಿ ಅವೇ ಕಾಗದಪತ್ರಗಳು.

ಹಳೆಮನೆಯನ್ನು ಜೋಡಿಸಿದ. ತೊಳೆದ ಸ್ಲೇಟಿನ ಹಾಗೆ ಖಾಲಿ.



ಅವನು ಎದ್ದು ತನ್ನ ಮೂರು ಅಂಗಿಗಳಲ್ಲಿ ಎರಡನ್ನು ಚೀಲಕ್ಕೆ ಹಾಕಿದ. ಬಾಳವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಎಲ್ಲಿಗೆ ಹೊಂಟಿ?"

"ಊರಿಗೆ."

"ಊರಾಗ ಯಾರ ಅದಾರ ನಿಂಗ?"

ಮೌನೇಶ ಚೀಲದ ಬಾಯಿ ಕಟ್ಟಿದ.

"ಅಜ್ಜಾರಿಗೆ ಹೇಳೀಯೇನು?"

"ಹೇಳಾಕ ಹೊಂಟೀನಿ."

"ಹಂಗಾರ ಚೀಲಾ ಇಲ್ಲೇ ಇಟ್ಟು ಹೋಗು. ಚೀಲಾ ಹಿಡಕೊಂಡು ಹೇಳಿದ್ರ ಅವರು ಅರ್ಧಾ ಕೇಳ್ತಾರ."

ಚೀಲವನ್ನು ಹಿಡಿದೇ ಅವನು ನದಿಗೆ ಇಳಿದ.

ಅಜ್ಜ ಕಲ್ಲಿನ ಮೇಲೆ ನಿಂತು ಧೋತರ ಒಗೆದು ಹಿಂಡುತ್ತಿದ್ದರು.

"ಅಜ್ಜಾರ, ಅಕ್ಕಾರ ಪದ ಹೋದ್ವು."

"ಎಷ್ಟು?"

"ಎಲ್ಲಾ ಹೋದ್ವ್ರಿ. ನಡುಮನ್ಯಾಗ ಇಲ್ಲ. ಹಳೇಮನಿ ನಾನ ಒರಸೀನಿ. ನನ್ನ ಕೈಲೆ ಒರಸೀನ್ರಿ."

ಧೋತರದಿಂದ ನೀರು ಇಳಿಯುವುದು ನಿಂತಿತು. ಅಜ್ಜ ಹಿಂಡುತ್ತಲೇ ಇದ್ದರು.

ಆಮೇಲೆ ಅವರ ಕಣ್ಣು ಚೀಲದ ಮೇಲೆ ಬಿತ್ತು.

"ಅದರಾಗ ಏನೈತಿ?"

"ಅಂಗಿ ಅದಾವ್ರಿ. ನಾ ಹೋಗ್ತೇನ್ರಿ. ನಿಮಗ ಮುಖಾ ತೋರಸಾಕ ಆಗೂದಿಲ್ಲ."

"ಹೋಗು. ಆದ್ರ ನೀ ಹೋದ್ರ ನಿನ್ನೆ ಏನೇನ ಬರದಿ ಅಂತ ಯಾರ್ನ ಕೇಳ್ಲಿ? ಬಾಳವ್ವನ್ನ?"

ಮೌನೇಶ ತಲೆ ತಗ್ಗಿಸಿದ.

"ಒರಸಿದ್ದನ್ನ ಕೆದರಿ ತಗಿಯೋ ಸಾಧನ ಇರ್ತಾವ್ರಿ ಅಜ್ಜಾರ. ಇಂಟರ್‌ನೆಟ್ಟಿನಿಂದ ಇಳಿಸಿ ಹೊಸಮನ್ಯಾಗ ಹಾಕ್ತೇನಿ. ಈಗ ಹಾಕ್ತೇನಿ."

"ಬ್ಯಾಡ."

"ತಡಾ ಮಾಡಿದ್ರ..."

"ಎಲ್ಲಿ ಅದಾವ ಅಂತ ತಿಳಿಯೂತನಕ ಎಲ್ಲೂ ಏನೂ ಬರೀಬ್ಯಾಡ. ಬರದದ್ದು ಅಕ್ಕನ ಪದದ ಮ್ಯಾಲನ ಕುಂತು ಅವು ಅಳಿಸಿ ಹೋದಾವು."

ಅಜ್ಜ ಧೋತರವನ್ನು ಹೆಗಲಿಗೆ ಹಾಕಿಕೊಂಡರು. ನಾಲ್ಕು ಹೆಜ್ಜೆ ನಡೆದು ನಿಂತರು.

"ಇನ್ನೊಂದು ಮಾತು. ಆ ಪದಗಳಿಗೆ ಎರಡನೇ ಪ್ರತಿ ಇರಬೇಕಿತ್ತು. ಅಕ್ಕ ಹೋದ ಮ್ಯಾಲ ಆ ಫೋಲ್ಡರ್ ತಗಿಯಾಕ ನನ್ನ ಕೈ ಬರಲಿಲ್ಲ. ಅದು ನಂದು ತಪ್ಪು. ನಿನ್ನ ಚೀಲದಾಗ ಅದನ್ನ ತುಂಬಿಕೊಂಡು ಹೋಗಬ್ಯಾಡ."

ಇಬ್ಬರೂ ದಂಡೆ ಹತ್ತಿದರು. ಮೌನೇಶ ಚೀಲವನ್ನು ಬೇವಿನ ಮರದ ಬುಡದಲ್ಲಿ ಇಟ್ಟ.

ಕಂಪ್ಯೂಟರಿನ ಮುಂದೆ ಅಜ್ಜ ಅವನನ್ನೇ ಕೂರಿಸಿದರು. ತಾವು ಹಿಂದೆ ಚಾಪೆಯ ಮೇಲೆ ಕುಳಿತರು. ಅಲ್ಲಿಂದ ಪರದೆ ಅವರಿಗೆ ಕಾಣುತ್ತಿರಲಿಲ್ಲ.

"ನೀವು ಕುಂದರ್ರಿ ಅಜ್ಜಾರ. ನನ್ನ ಕೈ ನಡಗಾಕತ್ತಾವ."

"ನಡಗಲಿ. ನಡಗೋ ಕೈ ಸಾವಕಾಶ ಬರೀತಾವ. ನಿನ್ನೆ ಏನ ಮಾಡಿದಿ?"

"ಹಳೇಮನಿ ಜೋಡಿಸಿದ್ನಿ, ನಡುಮನಿ ಜೋಡಿಸಿದ್ನಿ, ನಕಲು..."

"ನೆನಪಿನಿಂದ ಹೇಳಬ್ಯಾಡ. ನೆನಪು ನಿನ್ನ ಕಡೀಗೆ ಮಾತಾಡ್ತೈತಿ. ಯಂತ್ರಾ ಕೇಳು."

ಬರೆದ ಪ್ರತಿ ಸಾಲನ್ನೂ ಯಂತ್ರ ತನ್ನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಮೌನೇಶ ನಿನ್ನೆಯ ಸಾಲುಗಳನ್ನು ಕರೆದು ಒಂದೊಂದಾಗಿ ಓದಿದ.

"ಹಳೇಮನಿ ಜೋಡಿಸು. ಎಣಿಸು. ತೂಗು. ನಕಲು ಮಾಡು. ನಡುಮನ್ಯಾಗ ಎಣಿಸು. ಮತ್ತ ಎಣಿಸು. ಹಳೇಮನಿ ಬಿಚ್ಚು. ಒರಸು."

ಅವನು ನಿಲ್ಲಿಸಿದ. ಮೇಲಿನಿಂದ ಮತ್ತೆ ಓದಿದ, ಈ ಸಲ ಮನಸ್ಸಿನಲ್ಲಿ.

"ನಡುಮನಿ ಜೋಡಿಸಿದ ಸಾಲು ಇಲ್ರಿ."

"ಯಾವಾಗ ಐತಿ?"

"ಇವತ್ತ ಮುಂಜಾನೆ ಐತ್ರಿ. ನಿನ್ನೆ ಇಲ್ಲ."

ಅಡುಗೆಮನೆಯಿಂದ ಬಾಳವ್ವನ ದನಿ ಬಂತು.

"ನಾ ಕೇಳಿದ್ನಿ. ಕೇಳಿದ್ದಕ್ಕ ರೊಟ್ಟಿ ನೋಡು ಅಂದ."

"ಬಾಳವ್ವಾ, ಆಮ್ಯಾಲ ಬೈಯಕ್ಕಿಯಂತ," ಎಂದರು ಅಜ್ಜ.

"ಬಾಗಲಾ ತಗೀದನ ಒಳಗ ಇಟ್ಟೀನಿ ಅಂತ ತಿಳಕೊಂಡೀನ್ರಿ," ಎಂದ ಮೌನೇಶ. "ಗಾಳಿಗೆ ತೂರೀನ್ರಿ ಅಜ್ಜಾರ. ಇನ್ನೂರ ಹದಿನಾಕೂ ಗಾಳಿಗೆ ತೂರೀನಿ."

"ಗಾಳಿಗೆ ತೂರಿದ್ದನ್ನ ಎರಡು ಸಲ ಹೆಂಗ ಎಣಿಸಿದಿ?"

ಮೌನೇಶ ಮತ್ತೆ ಪರದೆ ನೋಡಿದ.

"ಹೊಸಮನ್ಯಾಗ ಒಟ್ಟು ಎಷ್ಟು ತುಂಬೇತಿ, ಕೇಳು."

ಮೌನೇಶ ಸಾಲು ಬರೆದ. ಓದಿದ. ಒತ್ತಿದ.

"ನಲವತ್ಮೂರು ಜಿಬಿ ಅಂತೈತ್ರಿ. ಐವತ್ತರಾಗ ನಲವತ್ಮೂರು."

"ಈಗ ಹೊಸಮನಿಯ ಒಂದೊಂದು ಕೋಣಿ ಹೊಕ್ಕು ತೂಗು. ಜೋಡಿಸಿದ ಮನಿ ಬಿಟ್ಟು, ಇದರದಷ್ಟ."

ಅದಕ್ಕೆ ಬೇರೆ ಸಾಲು. ಯಂತ್ರ ಕೋಣೆ ಕೋಣೆಯನ್ನೂ, ಅಂದರೆ ಫೋಲ್ಡರು ಫೋಲ್ಡರನ್ನೂ, ಹೊಕ್ಕು ತೂಗಿ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ಹನ್ನೆರಡ್ರಿ."

"ಏನು?"

"ಹನ್ನೆರಡು ಜಿಬಿ. ಒಂದು ನಲವತ್ಮೂರು ಅಂತೈತಿ, ಒಂದು ಹನ್ನೆರಡು ಅಂತೈತಿ. ಯಾವುದೋ ಒಂದು ಸುಳ್ಳು ಹೇಳಾಕತ್ತೈತ್ರಿ."

"ಎರಡೂ ಖರೇ ಹೇಳಾಕತ್ತಾವ ಅಂತ ಇಟ್ಕೋ."

ಮೌನೇಶ ಬೆರಳಲ್ಲಿ ಕಳೆದು ನೋಡಿದ. ಜೇಬಿನಿಂದ ಚೀಟಿ ತೆಗೆದು ನೋಡಿದ. ಚೀಟಿಯಲ್ಲಿ ಅವನದೇ ಅಕ್ಷರದಲ್ಲಿ ಮೂವತ್ತೊಂದು ಎಂದಿತ್ತು.

"ಮೂವತ್ತೊಂದರ ಭಾರ ಐತ್ರಿ. ವಸ್ತು ಕಾಣವಲ್ದು."

"ಹೂಂ."

"ಕಾಣದ್ದಕ್ಕ ಭಾರ ಹೆಂಗ ಇರ್ತೈತ್ರಿ ಅಜ್ಜಾರ?"

"ಅದನ್ನ ನನ್ನ ಕೇಳಬ್ಯಾಡ," ಎಂದರು ಅಜ್ಜ. "ಹನ್ನೊಂದು ತಿಂಗಳಿಂದ ಹೊತ್ತೀನಿ."



ಬಾಳವ್ವ ಒಂದು ತಾಟಿನಲ್ಲಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆ ತಂದು ಚಾಪೆಯ ಪಕ್ಕ ಇಟ್ಟಳು.

"ಹಸದ ಹೊಟ್ಟಿಯೊಳಗ ಏನ ಹುಡುಕಿದ್ರೂ ಸಿಗೂದಿಲ್ಲ. ತಿನ್ರಿ ಮೊದ್ಲ."

ಅಜ್ಜ ತಲೆಗೆ ಸುತ್ತಿದ್ದ ವಲ್ಲಿ ಬಿಚ್ಚಿ ತಾಟಿನ ಮೇಲೆ ಹಾಸಿದರು. ತಾಟು ಪೂರ್ತಿ ಮುಚ್ಚಿತು.

"ಬಾಳವ್ವಾ, ರೊಟ್ಟಿ ಎಲ್ಲಿ ಹೋದ್ವು?"

ಬಾಳವ್ವ ಅಜ್ಜನ ಮುಖ ನೋಡಿದಳು, ಮೌನೇಶನ ಮುಖ ನೋಡಿದಳು.

"ಇಬ್ರಿಗೂ ಏನಾಗೇತಿ ಇವತ್ತ? ಎಲ್ಲಿ ಹೋಗ್ತಾವ್ರಿ, ನಿಮ್ಮ ವಲ್ಲಿ ಬುಡಕ ಅದಾವ. ಎಣ್ಣಿ ಹತ್ತೀತು, ತಗೀರಿ ಅದನ್ನ."

ಮೌನೇಶ ಕೀಬೋರ್ಡಿನ ಕಡೆ ತಿರುಗಿದ. ಅವನಿಗೆ ಈಗ ಎಲ್ಲ ಕಾಣುತ್ತಿತ್ತು. ನಿನ್ನೆ ಬಾಗಿಲು ಬಾಗಿಲಾಗಿರಲಿಲ್ಲ. ಅದು ಹೊಸಮನೆಯದೇ ಒಂದು ಖಾಲಿ ಕೋಣೆ. ಪದಗಳನ್ನು ಅವನು ಹೊಸಮನೆಯ ನೆಲದ ಮೇಲೇ ಇಟ್ಟಿದ್ದ. ಇವತ್ತು ಅದರ ಮೇಲೆ ನಡುಮನೆಯನ್ನು ತಂದು ಜೋಡಿಸಿದ್ದ. ಜೋಡಿಸಿದ್ದು ಕಾಣುತ್ತಿತ್ತು, ಕೆಳಗಿನದು ಕಾಣುತ್ತಿರಲಿಲ್ಲ. ಹೊಸಮನೆಯಲ್ಲಿ ಅವನು ಮೊದಲು ಮುಚ್ಚಿ, ಆಮೇಲೆ ಹುಡುಕಿದ್ದ.

ಸಾಲು ಬರೆದ. ಎರಡೇ ಮಾತಿನ ಸಾಲು. ಗಟ್ಟಿಯಾಗಿ ಓದಿದ.

"ನಡುಮನಿ ಬಿಚ್ಚು."

"ಬಿಚ್ಚಿದ್ರ ಆ ಜಾಗದಾಗ ಏನ ಇರ್ತೈತಿ?" ಎಂದಳು ಬಾಳವ್ವ.

"ಅದನ್ನ ನೋಡಾಕನ ಬಿಚ್ಚಾಕತ್ತೀನಿ ಯವ್ವಾ."

"ಹಂಗಾರ ಬಿಚ್ಚು."

ಒತ್ತಿದ. ಪಟ್ಟಿ ಕೇಳಿದ.

ಹೆಸರುಗಳು ಪರದೆಯ ಮೇಲಿಂದ ಕೆಳಕ್ಕೆ ಸುರಿದವು. ಒಂದನೆಯ ಪದ, ಎರಡನೆಯ ಪದ. ಪರದೆ ತುಂಬಿ ಓಡಿತು. ಓಡಿ ನಿಂತಾಗ ಕೊನೆಯ ಸಾಲು ಇನ್ನೂರ ಹದಿನಾಲ್ಕು.

ಮೌನೇಶ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತ.

"ಸಿಕ್ವೇನು?" ಎಂದರು ಅಜ್ಜ.

"ಸಿಕ್ವ್ರಿ."

"ಎಷ್ಟು?"

"ಎಲ್ಲಾ ಸಿಕ್ವ್ರಿ."

ಅಜ್ಜ ವಲ್ಲಿಯ ಅಂಚಿನಿಂದ ಕಣ್ಣು ಒರೆಸಿಕೊಂಡರು. ಅಂಚಿಗೆ ಚಟ್ನಿ ಹತ್ತಿತ್ತು. ಕಣ್ಣು ಉರಿಯಿತು. ಬಾಳವ್ವ ನೀರು ತಂದುಕೊಟ್ಟಳು.

"ಹೇಳಿದ್ನಲ್ರಿ, ತಗೀರಿ ಅಂತ," ಎಂದಳು.

ರೊಟ್ಟಿ ಮುರಿಯುತ್ತ ಮೌನೇಶ ಕೇಳಿದ.

"ಅಂದ್ರ ಕೆಳಗಿಂದು ಖರೇ, ಮ್ಯಾಲ ಜೋಡಿಸಿದ್ದು ಸುಳ್ಳು. ಹೌದಲ್ರಿ?"

"ರೊಟ್ಟಿ ಖರೇ. ವಲ್ಲಿ ಸುಳ್ಳೇನು?"

"ಅಲ್ರಿ."

"ಹಂಗಾರ ಒಗದು ತಂದು ಕೊಡು. ಮಧ್ಯಾಹ್ನ ಬಿಸಿಲಿಗೆ ಹೋಗಬೇಕು, ತಲೀಗೆ ಬೇಕು ನಂಗ."

ಮೌನೇಶ ವಲ್ಲಿ ಒಗೆದು ತಂದು ಒಣಹಾಕಿದ. ಬಂದು ಕೆಲಸಕ್ಕೆ ಕುಳಿತ.

ಈ ಸಲ ಅವನು ಹೊಸಮನೆಯಲ್ಲಿ ಇನ್ನೊಂದು ಖಾಲಿ ಫೋಲ್ಡರ್ ಮಾಡಿದ. ಅದಕ್ಕೆ ನಡುಮನೆಯನ್ನು ಜೋಡಿಸಿದ. ಜೋಡಿಸಿದ್ದು ನಿಜವೇ ಎಂದು ಯಂತ್ರವನ್ನು ಕೇಳಿ, ಅದು ಹೌದೆಂದ ಮೇಲೆ ನಕಲಿನ ಸಾಲು ಬರೆದ. ಪ್ರತಿ ಸಾಲನ್ನೂ ಓದಿದ. ಬಾಳವ್ವ ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಿದಳು. ಕೆಲವು ಪ್ರಶ್ನೆಗಳಿಗೆ ಅರ್ಥವಿರಲಿಲ್ಲ. ಅವಕ್ಕೂ ಉತ್ತರ ಕೊಟ್ಟ.

ನಕಲಾದ ಮೇಲೆ ಎಣಿಸುವುದಷ್ಟೇ ಮಾಡಲಿಲ್ಲ. ಇಲ್ಲಿಯ ಒಂದೊಂದು ಪದವನ್ನೂ ಅಲ್ಲಿಯ ಒಂದೊಂದು ಪದಕ್ಕೆ ಹೋಲಿಸಿದ. ಒಂದೂ ಬೇರೆ ಇರಲಿಲ್ಲ.

ಆಮೇಲೆ ಹೊಸಮನೆ ಮಲಗಿಸಿ ನಡುಮನೆಯನ್ನೇ ಎಬ್ಬಿಸಿ ನೋಡಿದ. ಅಲ್ಲಿ ಇದ್ದವು.

"ಒಂದು ಹಚ್ಚಲೇನ್ರಿ ಅಜ್ಜಾರ?"

"ಹಚ್ಚು."

"ಯಾವುದು ಹಚ್ಚಲಿ?"

"ಕಣ್ಣು ಮುಚ್ಚಿ ಒಂದು ನಂಬರ್ ಹೇಳು."

ತೊಂಬತ್ತೇಳನೆಯ ಪದ ಹಚ್ಚಿದ. ಕಲ್ಲವ್ವನ ದನಿ ಬಂತು. ವಯಸ್ಸಾದ ದನಿ, ಆದರೆ ಎಲ್ಲಿಯೂ ಕೆಳಗೆ ಇಳಿಯದ ದನಿ. ಬಾಳವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ನಿಂತಳು. ಪದ ಮುಗಿದ ಮೇಲೆ ದನಿ ಕೇಳಿತು:

"ಸಾಕೇನೋ ಅಡವಿ? ಇಲ್ಲಾ ಇನ್ನೊಂದು ಹೇಳ್ಲೋ?"

ಅಲ್ಲಿಗೆ ಮುದ್ರಣ ಮುಗಿಯುತ್ತಿತ್ತು.

ಆಶ್ರಮದಲ್ಲಿ ಯಾರೂ ಅಜ್ಜನನ್ನು ಅಡವಿ ಎಂದು ಕರೆಯುತ್ತಿರಲಿಲ್ಲ. ಮೌನೇಶನಿಗೆ ಎತ್ತ ನೋಡಬೇಕೋ ತಿಳಿಯಲಿಲ್ಲ. ಅಜ್ಜ ಹಗುರಾಗಿ ನಕ್ಕರು.

"ಇಷ್ಟ ಹಾಡಿದ್ರೂ ಆಕೀಗೆ ದಣಿವ ಇರ್ತಿರಲಿಲ್ಲ. ನಾನ ದಣೀತಿದ್ನಿ."

ಮೌನೇಶ ಇನ್ನೊಂದು ಪ್ರತಿಯನ್ನು ಹೊರಗಿನ ಒಂದು ಡಿಸ್ಕಿಗೆ ಹಾಕಿದ. ಅದನ್ನೂ ಹೋಲಿಸಿ ನೋಡಿದ. ಎಲ್ಲಿಡಬೇಕು ಎಂಬ ಚರ್ಚೆಯಾಯಿತು. ಬಾಳವ್ವ ಅದನ್ನು ಅವನ ಕೈಯಿಂದ ಕಸಿದುಕೊಂಡಳು.

"ನನ್ನ ಟ್ರಂಕಿನಾಗ ಸೀರಿ ನಡುವ ಇಡ್ತೀನಿ. ಕೀಲಿ ನನ್ನ ಸೊಂಟದಾಗ ಇರ್ತೈತಿ. ನಿಮ್ಮಂಗ ಮುಚ್ಚಿ ಹುಡುಕೋಳಲ್ಲ ನಾ."

ಮೌನೇಶ ಮತ್ತೆ ಹೊಸಮನೆ ಎಬ್ಬಿಸಿದ. ಬಿಸಿಲು ಬೇವಿನ ಮರದ ಆಚೆಗೆ ಹೋಗಿತ್ತು.

ಅಜ್ಜ ಹೇಳಿದರು.

"ಈಗ ಹೊಸಮನಿ ನೆಲದ ಮ್ಯಾಲ ಇರೋ ಪದ ಅಳಸು."

ಮೌನೇಶನ ಬೆರಳು ನಿಂತಿತು.

"ಇರ್ಲಿ ಬಿಡ್ರಿ ಅಜ್ಜಾರ."

"ಯಾಕ?"

"ಅವು ನಮ್ಮನ್ನ ಉಳಿಸಿದುವ್ರಿ. ಅಲ್ಲೇ ಇರ್ಲಿ. ಏನ ಕೇಳ್ತಾವ, ಊಟಾ ಕೇಳ್ತಾವೇನು?"

"ನಡುಮನ್ಯಾಗ ಅದಾವೇನು?"

"ಅದಾವ್ರಿ."

"ಹೋಲಿಸಿ ನೋಡೀಯೇನು?"

"ಒಂದೊಂದೂ ನೋಡೀನ್ರಿ."

"ಟ್ರಂಕಿನಾಗ?"

"ಅದಾವ್ರಿ."

"ಮತ್ತ?"

"ನೀವ ಅಳಸ್ರಿ. ಒಮ್ಮೆ ಒರಸಿದ ಕೈ ಇದು. ಇನ್ನ ನಂಬೂದಿಲ್ಲ ನಾ ಇದನ್ನ."

"ಅಂಜಿಕಿ ಕಂಡ ಕೈ ಅದು. ನಾ ನಂಬೂದು ಅದನ್ನ."

ಮೌನೇಶ ಸಾಲು ಬರೆದ. ಜಾಗದ ಹೆಸರನ್ನು ಒಂದೊಂದು ಅಕ್ಷರ ನೋಡಿ ಬರೆದ. ಅಲ್ಲಿ ಏನೂ ಜೋಡಿಸಿಲ್ಲ ಎಂದು ಖಾತ್ರಿ ಮಾಡಿಕೊಂಡ. ಗಟ್ಟಿಯಾಗಿ ಓದಿದ. ಬಾಳವ್ವ ಏನೂ ಕೇಳಲಿಲ್ಲ.

ಎಂಟರ್ ಮೇಲೆ ಬೆರಳಿಟ್ಟು ಅವನು ಹಿಂದಕ್ಕೆ ತಿರುಗಿದ.

"ಅಕ್ಕಾರ ದನೀರಿ ಇದು. ಅಳಸು ಅನ್ನೂದು ನಿಮ್ಮ ಬಾಯಿಂದ ಹೆಂಗ ಬರ್ತೈತ್ರಿ?"

ಅಜ್ಜ ಚಾಪೆಯಿಂದ ಎದ್ದರು. ಗೂಟಕ್ಕೆ ತೂಗುಹಾಕಿದ್ದ ಮೈಕನ್ನು ತೆಗೆದು, ಅದರ ಮೇಲಿನ ಹನ್ನೊಂದು ತಿಂಗಳ ಧೂಳನ್ನು ಅಂಗೈಯಿಂದ ಒರೆಸಿದರು.

"ಹಾಡೋರು ಇನ್ನೂ ಅದಾರ. ಜಾಗಾ ಮಾಡು."